ಕೊಡಗಿನಲ್ಲಿ ಕಾರಿನ ಆಯಿಲ್ ಎಲ್ಲಿ ಬದಲಿಸಬೇಕು?

ಮಳೆ ಹಿಂದೆ ಸರಿದು ಕಾಫಿ ಕುಯ್ಲು ಶುರುವಾಗುವ ಮುಂಚೆ ಕೊಡಗಿನವರಿಗೆ ಸ್ವಲ್ಪ ಬಿಡುವು ಸಿಗುತ್ತದೆ. ಗೋಣಿಕೊಪ್ಪ, ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆ ಎಲ್ಲೇ ಹೋದರೂ ಆ ದಿನಗಳಲ್ಲಿ ಗ್ಯಾರೇಜುಗಳ ಮುಂದೆ ಕೆಸರು ಮೆತ್ತಿದ ಗಾಡಿಗಳು ನಿಂತಿರುತ್ತವೆ. ಆಗ ನೆಂಟರು, ನೆರೆಯವರು ಕೇಳುವ ಪ್ರಶ್ನೆ ಒಂದೇ: "ಆಯಿಲ್ ಚೇಂಜಿಗೆ ಕಂಪನಿಗೇ ಬಿಡೋದಾ, ಇಲ್ಲ ಇಲ್ಲೇ ಮಾಡಿಸಿದ್ರೆ ಸಾಕಾ?"

ಎರಡಕ್ಕೂ ನಾನು ಬೇರೆ ಬೇರೆ ಸಲ ಹೌದು ಅಂದಿದ್ದೇನೆ. ಯಾಕೆಂದರೆ ಉತ್ತರ ಗ್ಯಾರೇಜಿನ ಬೋರ್ಡಿನಲ್ಲಿಲ್ಲ, ನಿಮ್ಮ ಕಾರಿನಲ್ಲಿದೆ. ನಿಮ್ಮ ಎಂಜಿನ್ ಕೇಳುವ ಆಯಿಲ್ ಯಾವುದೆಂದು ಮೊದಲು ನಿಮಗೆ ಗೊತ್ತಿರಬೇಕು. ಆಮೇಲೆ ಆ ಆಯಿಲೇ ಒಳಗೆ ಬೀಳುವುದನ್ನು ನೋಡಲು ಬಿಡುವ, ಏನಾದರೂ ಸೋರಿದರೆ ಮರುದಿನ ಹೋಗಿ ತೋರಿಸಬಹುದಾದ ಜಾಗ ಆರಿಸಬೇಕು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ರಸ್ತೆ, ನಮ್ಮ ಮಳೆ

ಎಂಜಿನ್ ಆಯಿಲ್ ಅಂದರೆ ಬರೀ ಜಾರಿಕೆಗೆ ಹಾಕುವ ಎಣ್ಣೆ ಅಂದುಕೊಳ್ಳುತ್ತೇವೆ. ಅದು ಪಿಸ್ಟನ್, ಬೇರಿಂಗ್‌ಗಳ ಬಿಸಿಯನ್ನೂ ಹೊತ್ತೊಯ್ಯುತ್ತದೆ, ಮಸಿಯನ್ನು ತನ್ನೊಳಗೆ ತೇಲಿಸಿಟ್ಟುಕೊಳ್ಳುತ್ತದೆ, ಇಂಧನ ಉರಿದಾಗ ಹುಟ್ಟುವ ಆಮ್ಲವನ್ನು ಕೊಲ್ಲುತ್ತದೆ, ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಈ ಕೆಲಸಗಳಿಗೆಂದೇ ಅದರಲ್ಲಿ ಬೆರೆಸಿದ ರಾಸಾಯನಿಕಗಳಿರುತ್ತವೆ. ಎಣ್ಣೆ ಎಣ್ಣೆಯಾಗಿಯೇ ಉಳಿದರೂ ಆ ರಾಸಾಯನಿಕಗಳು ತೀರಿಹೋಗುತ್ತವೆ. ಆಯಿಲ್ ಬದಲಿಸುವುದು ಮುಖ್ಯವಾಗಿ ಅದಕ್ಕೆ.

ಹೆಚ್ಚಿನ ಪೆಟ್ರೋಲ್ ಕಾರುಗಳ ಜೊತೆ ಕಂಪನಿ ಕೊಡುವ ಪುಸ್ತಕದಲ್ಲಿ 10,000 ಕಿಲೋಮೀಟರ್ ಅಥವಾ 12 ತಿಂಗಳು, ಯಾವುದು ಮೊದಲೋ ಅದು ಎಂದಿರುತ್ತದೆ. ಅದೇ ಪುಸ್ತಕದಲ್ಲಿ ಕೆಲವು ಪುಟ ಮುಂದೆ 'ಕಠಿಣ ಬಳಕೆ' ಎಂಬ ಇನ್ನೊಂದು ಪಟ್ಟಿ ಇರುತ್ತದೆ, ಅದನ್ನು ಓದುವವರು ಕಡಿಮೆ. ಪದೇ ಪದೇ ಸಣ್ಣ ಓಡಾಟ, ಗುಡ್ಡದ ರಸ್ತೆ, ಧೂಳು, ಭಾರ ಎಳೆಯುವುದು ಇವೆಲ್ಲ ಅಲ್ಲಿ ಬರುತ್ತವೆ. ಹಾಗೆ ಬಳಸುವವರು ಆಯಿಲ್ ಬೇಗ ಬದಲಿಸಬೇಕು, ಎಷ್ಟೋ ಕಾರುಗಳಿಗೆ ಅರ್ಧ ಅವಧಿಗೇ. ಆ ಪಟ್ಟಿ ಓದಿದರೆ ಕೊಡಗಿನ ತೋಟದ ಮನೆಯ ಕಾರನ್ನೇ ನೋಡಿ ಬರೆದಂತಿದೆ.

ಮನೆಯಿಂದ ಪೇಟೆಗೆ 4 ಕಿಲೋಮೀಟರ್ ಅಂದುಕೊಳ್ಳಿ. ಅರ್ಧ ದಾರಿ ಕಲ್ಲು ರಸ್ತೆ, ಮೊದಲನೇ ಗೇರು, ಎರಡನೇ ಗೇರು. ಪೇಟೆ ತಲುಪುವಷ್ಟರಲ್ಲಿ ಮೀಟರಿನಲ್ಲಿ ನೀರಿನ ಬಿಸಿ ಏರಿರುತ್ತದೆ, ಆದರೆ ಆಯಿಲ್ ಬಿಸಿಯಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅಷ್ಟರೊಳಗೆ ಎಂಜಿನ್ ಆಫ್. ಇಂಧನ ಉರಿದಾಗ ಹುಟ್ಟುವ ನೀರಿನ ಆವಿಯಲ್ಲಿ ಸ್ವಲ್ಪ ಪಿಸ್ಟನ್ ದಾಟಿ ಕೆಳಗಿಳಿದು ಆಯಿಲಿಗೆ ಸೇರುತ್ತದೆ. ಎಂಜಿನ್ ಚೆನ್ನಾಗಿ ಕಾಯ್ದು ಸ್ವಲ್ಪ ಹೊತ್ತು ಓಡಿದರೆ ಆ ನೀರು ಆವಿಯಾಗಿ ಹೊರಟುಹೋಗುತ್ತದೆ, ಇಲ್ಲದಿದ್ದರೆ ಅಲ್ಲೇ ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ ಕಾರಿನ ಹೊಟ್ಟೆ ಮಾತ್ರ ಹೇಗೆ ಒಣಗೀತು? ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ನೋಡಿದರೆ ಒಳಬದಿಯಲ್ಲಿ ಕೆನೆಯಂಥ ಬಿಳಿ ನೊರೆ ಕಾಣುವುದು ಇದರಿಂದಲೇ.

ಆ ನೊರೆ ನೋಡಿ ಹೆದರಬೇಡಿ, ಹಾಗೆಂದು ಮರೆಯಲೂಬೇಡಿ. ಮುಚ್ಚಳದಲ್ಲಿ ಮಾತ್ರ ಇದ್ದು, ಆಯಿಲ್ ಮಟ್ಟ ನೋಡುವ ಗೇಜ್ ಕಡ್ಡಿಯ ಆಯಿಲ್ ಸ್ವಚ್ಛವಾಗಿದ್ದರೆ ಅದು ಸಣ್ಣ ಓಡಾಟದ ಗುರುತು. ಕಡ್ಡಿಯ ಆಯಿಲೇ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ, ಎಂಜಿನ್‌ನೊಳಗೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಗಾಡಿ ಓಡಿಸದೆ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.

ಹೀಗಾಗಿ ವರ್ಷಕ್ಕೆ 4-5 ಸಾವಿರ ಕಿಲೋಮೀಟರ್ ಓಡುವ ಕಾರಿಗೆ ಮೀಟರ್ ನೋಡುತ್ತಾ ಕೂರುವುದು ತಪ್ಪು. ಅದಕ್ಕೆ ಕ್ಯಾಲೆಂಡರ್ ನೋಡಬೇಕು. ವಾರಂಟಿ ಮುಗಿದ ಕಾರಿಗೆ ನಾನು ಮಳೆ ಮುಗಿದ ಮೇಲೆ, ಆಯುಧಪೂಜೆಯ ಆಸುಪಾಸಿನಲ್ಲಿ ಬದಲಿಸುತ್ತೇನೆ. ಮಳೆಗಾಲದ ತೇವ ಕುಡಿದ ಆಯಿಲ್ ಇನ್ನೊಂದು ಇಡೀ ವರ್ಷ ಒಳಗೆ ಇರಬಾರದೆಂಬುದು ನನ್ನ ಲೆಕ್ಕ. ವಾರಂಟಿ ಇರುವ ಕಾರಿಗೆ ಕಂಪನಿ ಕೊಟ್ಟ ತಾರೀಖೇ ತಾರೀಖು.

ಡಬ್ಬದ ಮೇಲಿನ ಅಂಕಿ ಓದುವುದು

ಗ್ಯಾರೇಜ್ ಆರಿಸುವ ಮುಂಚೆ ಕಲಿಯಬೇಕಾದದ್ದು ಇದೊಂದೇ, ಕಷ್ಟದ್ದೂ ಅಲ್ಲ. 5ಡಬ್ಲ್ಯೂ-30 ಎಂಬ ಗ್ರೇಡನ್ನೇ ತೆಗೆದುಕೊಳ್ಳಿ. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಮೊದಲಿನ ಅಂಕಿ ಚಿಕ್ಕದಾದಷ್ಟೂ ಆಯಿಲ್ ಚಳಿಯಲ್ಲಿ ಸಲೀಸಾಗಿ ಹರಿಯುತ್ತದೆ. ಕೊನೆಯ ಅಂಕಿ 100 ಡಿಗ್ರಿ ಬಿಸಿಯಲ್ಲಿ ಅದು ಎಷ್ಟು ದಪ್ಪಗಿರುತ್ತದೆ ಎಂದು ಹೇಳುತ್ತದೆ. ಚಳಿಯ ಪರೀಕ್ಷೆ ನಡೆಯುವುದು ಸೊನ್ನೆಗಿಂತ ತುಂಬಾ ಕೆಳಗೆ. 10ಡಬ್ಲ್ಯೂಗೆ ಮೈನಸ್ 25 ಡಿಗ್ರಿ, 5ಡಬ್ಲ್ಯೂಗೆ ಮೈನಸ್ 30. ಆದ್ದರಿಂದ "ಮಡಿಕೇರಿಯಲ್ಲಿ ಚಳಿ ಜಾಸ್ತಿ, ಬೇರೆ ಆಯಿಲ್ ಹಾಕಬೇಕು" ಎಂಬ ಮಾತಿಗೆ ಬುಡವಿಲ್ಲ. ನಮ್ಮ ಡಿಸೆಂಬರ್ ಚಳಿ ಯಾವ ಆಯಿಲಿಗೂ ಲೆಕ್ಕಕ್ಕಿಲ್ಲ.

ಮೋಸ ಹೋಗುವುದು ಕೊನೆಯ ಅಂಕಿಯಲ್ಲಿ. ನಮ್ಮಲ್ಲಿ ಎಷ್ಟೋ ತೋಟಗಳಲ್ಲಿ, ಗ್ಯಾರೇಜುಗಳಲ್ಲಿ 15ಡಬ್ಲ್ಯೂ-40 ಬ್ಯಾರೆಲ್ ಒಂದಿರುತ್ತದೆ. ಟ್ರ್ಯಾಕ್ಟರಿಗೂ ಅದೇ, ಪಿಕಪ್‌ಗೂ ಅದೇ, ಹಳೆಯ ಡೀಸೆಲ್ ಜೀಪಿಗೂ ಅದೇ. ಆ ಎಂಜಿನ್‌ಗಳಿಗೆ ಅದು ಸರಿಯಾದ ಆಯಿಲ್. ಆದರೆ ಈಚಿನ ಸಣ್ಣ ಪೆಟ್ರೋಲ್ ಕಾರುಗಳು 0ಡಬ್ಲ್ಯೂ-20, ಕೆಲವು 0ಡಬ್ಲ್ಯೂ-16 ಕೇಳುತ್ತವೆ. ಅವುಗಳ ಬೇರಿಂಗ್‌ಗಳ ಸಂದು ಕಿರಿದು. ವಾಲ್ವ್‌ಗಳ ಸಮಯವನ್ನು ಹಿಂದೆ ಮುಂದೆ ಮಾಡುವ ಭಾಗ ಆಯಿಲ್ ಒತ್ತಡದಿಂದಲೇ, ಸಣ್ಣ ಸಣ್ಣ ದಾರಿಗಳ ಮೂಲಕ ಕೆಲಸ ಮಾಡುತ್ತದೆ. ಅಲ್ಲಿ ದಪ್ಪ ಆಯಿಲ್ ಸುರಿದರೆ ಕಾರು ಕೂಡಲೇ ನಿಲ್ಲುವುದಿಲ್ಲ, ನಿಂತಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಮೈಲೇಜ್ ಇಳಿಯುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಮೇಲಕ್ಕೆ ತಲುಪುವುದು ತಡವಾಗುತ್ತದೆ, ಸವೆತ ಸದ್ದಿಲ್ಲದೆ ನಡೆಯುತ್ತದೆ.

ಗ್ರೇಡಿನ ಪಕ್ಕದಲ್ಲಿ ಇನ್ನೊಂದು ಗುರುತು ಇರುತ್ತದೆ. ಅದು ಎಪಿಐ ಎಂಬ ಅಮೆರಿಕದ ಸಂಸ್ಥೆ ಕೊಡುವ ಗುಣಮಟ್ಟದ ಗುರುತು. ಎಪಿಐ ಎಸ್‌ಎನ್, ಎಸ್‌ಪಿ ಎಂದಿದ್ದರೆ ಪೆಟ್ರೋಲಿನದು. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಹೊಸ ಗುಣಮಟ್ಟ. ಎಸ್‌ಪಿ ಬಂದದ್ದು 2020ರಲ್ಲಿ. ಸಿ ಅಕ್ಷರದಿಂದ ಶುರುವಾದರೆ, ಉದಾಹರಣೆಗೆ ಸಿಐ-4 ಅಥವಾ ಸಿಕೆ-4, ಡೀಸೆಲಿನದು.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 (ಹೊಗೆ ಮಾಲಿನ್ಯದ ಹೊಸ ಮಿತಿ) ಡೀಸೆಲ್ ಕಾರು ನಿಮ್ಮಲ್ಲಿದ್ದರೆ ಇಲ್ಲಿ ಸ್ವಲ್ಪ ನಿಲ್ಲಿ. ಅದರ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಡಿಪಿಎಫ್ ಎನ್ನುತ್ತಾರೆ. ಹಿಡಿದ ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳುತ್ತದೆ. ಆಯಿಲಿನ ರಾಸಾಯನಿಕಗಳು ಉರಿದು ಉಳಿಯುವ ಬೂದಿಯನ್ನು ಸುಡಲಾಗುವುದಿಲ್ಲ, ಅದು ಅಲ್ಲೇ ಕಟ್ಟಿಕೊಳ್ಳುತ್ತದೆ. ಅದಕ್ಕೇ ಈ ಕಾರುಗಳಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು. ಪುಸ್ತಕದಲ್ಲಿ ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ಸಿ2, ಸಿ3 ಎಂಬಂಥ ಗುರುತು ಇರುತ್ತದೆ. ಅಂಕಿ 5ಡಬ್ಲ್ಯೂ-30 ಹೊಂದಿದರೆ ಸಾಲದು, ಈ ಗುರುತೂ ಹೊಂದಬೇಕು.

ಕೊಡಗಿನವರಿಗೆ ಇನ್ನೊಂದು ತೊಂದರೆ ಇದೆ. ಮಸಿ ಸುಡಲು ಎಂಜಿನ್ ಹೆಚ್ಚು ಡೀಸೆಲ್ ಚಿಮ್ಮಿಸಿ ಹೊಗೆಯ ಬಿಸಿ ಏರಿಸುತ್ತದೆ. ಅದಕ್ಕೆ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ನಾಪೋಕ್ಲುವಿನಿಂದ ತೋಟಕ್ಕೆ, ತೋಟದಿಂದ ನಾಪೋಕ್ಲುವಿಗೆ ಓಡುವ ಗಾಡಿಗೆ ಅಂಥ ರಸ್ತೆ ಎಲ್ಲಿಂದ ಬರಬೇಕು? ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಉರಿಯದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಆಯಿಲಿಗಿಳಿಯುತ್ತದೆ. ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತದೆ! "ನಮ್ಮ ಗಾಡಿ ಆಯಿಲ್ ಕುಡಿಯೋದೇ ಇಲ್ಲ, ಜಾಸ್ತಿಯೇ ಆಗಿದೆ" ಎಂದು ಒಬ್ಬರು ಸಂತೋಷದಿಂದ ಹೇಳಿದ್ದರು. ಅದು ಸಂತೋಷದ ಸುದ್ದಿಯಲ್ಲ. ಡೀಸೆಲ್ ಬೆರೆತ ಆಯಿಲ್ ತೆಳ್ಳಗಾಗಿರುತ್ತದೆ, ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತಾ ಎಂಜಿನ್‌ಗೆ ಗಾಳಿ ತಳ್ಳುವ ಟರ್ಬೊದ ದಂಡವನ್ನು ಕಾಯುವುದು ಇದೇ ಆಯಿಲ್. ಇಂಥ ಗಾಡಿಯನ್ನು ವಾರಕ್ಕೊಮ್ಮೆಯಾದರೂ ಕುಶಾಲನಗರ, ಹುಣಸೂರು ಕಡೆಯ ನೇರ ರಸ್ತೆಯಲ್ಲಿ ಅರ್ಧ ಗಂಟೆ ಬಿಡದೆ ಓಡಿಸಿ. ಮಟ್ಟ ಮೇಲಿನ ಗೆರೆ ದಾಟಿದರೆ ಅವಧಿ ಮುಗಿಯಲೆಂದು ಕಾಯದೆ ಬದಲಿಸಿ.

ಒಂದು ಮಾತು ಬಣ್ಣದ ಬಗ್ಗೆ. ಡೀಸೆಲ್ ಎಂಜಿನ್‌ಗೆ ಹೊಸ ಆಯಿಲ್ ಹಾಕಿ ಸ್ವಲ್ಪ ದಿನ ಓಡಿಸಿದರೆ ಕಪ್ಪಾಗುತ್ತದೆ. ಮಸಿಯನ್ನು ತೇಲಿಸಿಟ್ಟುಕೊಳ್ಳುವ ಕೆಲಸವನ್ನು ಅದು ಸರಿಯಾಗಿ ಮಾಡುತ್ತಿದೆ ಎಂದರ್ಥ. ಬೆರಳಿಗೆ ಹಚ್ಚಿ "ಕಪ್ಪಾಗಿದೆ, ಬದಲಿಸಿ" ಎನ್ನುವವರ ಮಾತಿಗೆ ಒಪ್ಪಬೇಡಿ.

ಕಂಪನಿಯೋ, ಊರಿನ ಗ್ಯಾರೇಜೋ

ವಾರಂಟಿ ಇರುವಷ್ಟು ದಿನ ಕಂಪನಿ ಸರ್ವೀಸಿಗೇ ಹೋಗಿ. ಮಾರುಕಟ್ಟೆಯ ಪೈಪೋಟಿ ಕಾಯುವ ಭಾರತದ ಸ್ಪರ್ಧಾ ಆಯೋಗ (ಸಿಸಿಐ) 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ದಂಡ ಹಾಕಿತ್ತು. ಹೊರಗಿನ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಮಾಡುವ ಷರತ್ತು ಸರಿಯಲ್ಲ, ಹೊರಗಿನ ರಿಪೇರಿಯಿಂದಲೇ ಹಾಳಾಗಿದ್ದರೆ ಮಾತ್ರ ನಿರಾಕರಿಸಬಹುದು ಎಂಬುದು ಅದರ ನಿಲುವು. ಕಂಪನಿಗಳು ಅದರ ವಿರುದ್ಧ ಮೇಲ್ಮನವಿಗೆ ಹೋದವು. ಆ ಆದೇಶದ ಆಶಯ ನನಗೆ ಒಪ್ಪಿಗೆ. ಆದರೂ ಎಂಜಿನ್ ಕೆಟ್ಟ ದಿನ ಸರ್ವೀಸ್ ಕೌಂಟರಿನಲ್ಲಿ ನಿಂತು ವಾದ ಮಾಡುವುದಕ್ಕಿಂತ ಅವರದೇ ಮೊಹರು ಬಿದ್ದ ಪುಸ್ತಕ ಕೈಯಲ್ಲಿರುವುದು ಸುಲಭ. 'ಫ್ರೀ ಸರ್ವೀಸ್' ಎಂದರೆ ಸಾಮಾನ್ಯವಾಗಿ ಕೂಲಿ ಮಾತ್ರ ಉಚಿತ, ಆಯಿಲ್ ಮತ್ತು ಅದರ ಕಸ ಸೋಸುವ ಆಯಿಲ್ ಫಿಲ್ಟರಿಗೆ ದುಡ್ಡು ಕೊಡಬೇಕು ಎಂಬುದನ್ನು ಮೊದಲೇ ತಿಳಿದಿರಿ.

ವಾರಂಟಿ ಮುಗಿದ ಮೇಲೆ ಲೆಕ್ಕ ಬೇರೆ. ಎಲ್ಲ ಕಂಪನಿಗಳ ಸರ್ವೀಸ್ ಕೊಡಗಿನಲ್ಲಿಲ್ಲ, ಕೆಲವರು ಮೈಸೂರಿಗೋ ಮಂಗಳೂರಿಗೋ ಇಳಿಯಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಹೋಗಿ ಬರಲು 240. ಲೀಟರಿಗೆ 15 ಕೊಡುವ ಕಾರಾದರೆ 16 ಲೀಟರ್ ಪೆಟ್ರೋಲ್, ಜೊತೆಗೆ ಒಂದು ದಿನ. ಸಣ್ಣ ಪೆಟ್ರೋಲ್ ಕಾರಿಗೆ ಬೇಕಾಗುವುದು ಮೂರು, ಮೂರೂವರೆ ಲೀಟರ್ ಆಯಿಲ್. ಬೇರೆ ಕೆಲಸಕ್ಕೆ ಮೈಸೂರಿಗೆ ಹೋಗುವುದಿದ್ದರೆ ಸರಿ, ಆಯಿಲಿಗೆಂದೇ ಹೋಗುವುದು ದುಬಾರಿ.

ದುಡ್ಡಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಕೆಲವು ವರ್ಷಗಳ ಹಿಂದೆ ಮೈಸೂರಿನ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಆಯಿಲ್ ಬದಲಿಸಿ ಸಂಜೆ ಹೊರಟಿದ್ದೆ. ಕುಶಾಲನಗರದವರೆಗೆ ಏನೂ ಇಲ್ಲ. ಸುಂಟಿಕೊಪ್ಪ ಹತ್ತಿರ ಏರು ರಸ್ತೆಯಲ್ಲಿ ಕೆಂಪು ಆಯಿಲ್ ದೀಪ ಹೊತ್ತಿತು. ಕೂಡಲೇ ಬದಿಗೆ ಹಾಕಿ ಎಂಜಿನ್ ನಿಲ್ಲಿಸಿದೆ. ಜಿಟಿಜಿಟಿ ಮಳೆ, ಕೆಳಗೆ ಬಗ್ಗಿ ಟಾರ್ಚ್ ಬಿಟ್ಟರೆ ಫಿಲ್ಟರಿನ ಬುಡದಿಂದ ಆಯಿಲ್ ಧಾರೆಯಾಗಿ ಇಳಿಯುತ್ತಿದೆ. ಯಾರೋ ಫೋನ್ ಮಾಡಿ ಕರೆಸಿದ ಹುಡುಗ ಚೀಲ ಹಾಸಿ ಮಲಗಿ ಫಿಲ್ಟರ್ ಬಿಚ್ಚಿ, "ಅಣ್ಣಾ, ಹಳೇ ರಬ್ಬರ್ ಇಲ್ಲೇ ಕೂತಿದೆ, ಅದರ ಮೇಲೆ ಹೊಸದು ಹಾಕಿದಾರೆ" ಅಂದ. ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡು ಉಳಿದಿತ್ತು. ಎರಡು ರಿಂಗ್ ಒಂದರ ಮೇಲೊಂದು ಕೂತರೆ ಮೊದಲು ಸೋರುವುದಿಲ್ಲ, ಒತ್ತಡ ಏರಿದಾಗ ಜಾರಿಬಿಡುತ್ತದೆ. ಆ ವರ್ಕ್‌ಶಾಪಿನಲ್ಲಿ ಎಸಿ ಹಾಕಿದ ಕೋಣೆಯಲ್ಲಿ ಕೂರಿಸಿ ಕಾಫಿ ಕೊಟ್ಟಿದ್ದರು, ಕೆಲಸ ನಡೆಯುವ ಜಾಗಕ್ಕೆ ಮಾತ್ರ ಬಿಟ್ಟಿರಲಿಲ್ಲ.

ಅಂದಿನಿಂದ ನನ್ನ ಮೊದಲ ಪ್ರಶ್ನೆ ಒಂದೇ: "ನಾನು ಪಕ್ಕದಲ್ಲಿ ನಿಂತು ನೋಡಬಹುದಾ?" ಇಲ್ಲ ಅಂದರೆ, ವಾರಂಟಿಯ ಕಟ್ಟುಪಾಡಿಲ್ಲದಿದ್ದರೆ, ಬೇರೆ ಕಡೆ ಹೋಗುತ್ತೇನೆ.

ಊರಿನ ಗ್ಯಾರೇಜ್ ಇಲ್ಲಿ ಗೆಲ್ಲುತ್ತದೆ. ಪಿಟ್ ಪಕ್ಕದಲ್ಲೇ ನಿಲ್ಲಬಹುದು, ಬಿಚ್ಚಿದ ಫಿಲ್ಟರ್ ಕೈಗೆತ್ತಿಕೊಂಡು ರಬ್ಬರ್ ಅದರಲ್ಲೇ ಇದೆಯಾ ಎಂದು ನೋಡಬಹುದು, ನಾಳೆ ಏನಾದರೂ ಆದರೆ ಮನೆಗೇ ಕರೆಸಬಹುದು. ಸೋಲುವುದೂ ಇದೆ. ಆಯಿಲಿನ ಗುರುತಿನ ಬಗ್ಗೆ ಕೆಲವರಿಗೆ ಅಸಡ್ಡೆ. "ಎಲ್ಲಾ ಒಂದೇ ಸಾರ್" ಅಂದವನ ಹತ್ತಿರ ಬಿಎಸ್-6 ಡೀಸೆಲ್ ಬಿಡಬೇಡಿ. ಹಾಗೆ ಹೇಳದೆ ಪುಸ್ತಕ ಕೇಳಿ ಪಡೆದು ಪುಟ ತಿರುಗಿಸುವವನು ಸಿಕ್ಕರೆ ಅವನನ್ನು ಬಿಡಬೇಡಿ. ವಿರಾಜಪೇಟೆ, ಗೋಣಿಕೊಪ್ಪದಲ್ಲಿ ಅಂಥವರನ್ನು ನಾನು ಕಂಡಿದ್ದೇನೆ, ಅವರಿಗೆ ಕೊಡುವ ಕೂಲಿಗೆ ಚೌಕಾಸಿ ಮಾಡುವುದಿಲ್ಲ.

ಮನೆ ಬಾಗಿಲಿಗೆ ಬಂದು ಮಾಡಿಕೊಡುವ ವ್ಯಾನ್ ಸೇವೆಯೂ ಈಗ ಇದೆ. ಗೇಜ್ ಕಡ್ಡಿಯ ತೂತಿನಿಂದ ಪೈಪ್ ಇಳಿಸಿ ಹಳೆಯ ಆಯಿಲ್ ಹೀರಿ ತೆಗೆಯುವವರಾದರೆ, ಅವರು ಗಾಡಿಯ ಕೆಳಗೆ ಬಗ್ಗುವುದೇ ಇಲ್ಲ. ಕಲ್ಲು ರಸ್ತೆಯಲ್ಲಿ ಚೇಂಬರ್ (ಎಂಜಿನ್ ಬುಡದ ಆಯಿಲ್ ತೊಟ್ಟಿ) ಜಜ್ಜಿಸಿಕೊಳ್ಳುವ ನಮ್ಮ ಗಾಡಿಗಳಿಗೆ ವರ್ಷಕ್ಕೊಮ್ಮೆಯಾದರೂ ಯಾರಾದರೂ ಕೆಳಗೆ ಮಲಗಿ ನೋಡಬೇಕು.

ಆಯಿಲ್ ನೀವೇ ತಂದುಕೊಡುವುದು ಒಳ್ಳೆಯದೇ? ಊರಿನ ಗ್ಯಾರೇಜಿಗಾದರೆ ಹೌದು ಎನ್ನುತ್ತೇನೆ. ಸೀಲ್ ಒಡೆಯದ ಡಬ್ಬ, ಪರಿಚಯದ ಅಂಗಡಿ, ಬಿಲ್. ಹೆಸರಾಂತ ಕಂಪನಿಗಳ ಖಾಲಿ ಡಬ್ಬಕ್ಕೆ ಕಳಪೆ ಆಯಿಲ್ ತುಂಬಿ ಮಾರುವ ಮೋಸ ದೇಶದಲ್ಲೆಲ್ಲ ಇದೆ. ಡಬ್ಬ ಖಾಲಿಯಾದ ಕೂಡಲೇ ಸ್ಕ್ರೂ ಡ್ರೈವರಿನಿಂದ ತೂತು ಮಾಡಿ. ಕಂಪನಿ ಸರ್ವೀಸಿನಲ್ಲಿ ಬ್ಯಾರೆಲಿನಿಂದ ಪೈಪಿನಲ್ಲಿ ಬಿಡುತ್ತಾರೆ. ಅಲ್ಲಿ ಜಾಬ್ ಕಾರ್ಡಿನಲ್ಲಿ ಗ್ರೇಡ್ ಮತ್ತು ಲೀಟರ್ ಎರಡೂ ಬರೆಸಿ. ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಯಾವುದೋ ಸಣ್ಣ ಬಾಟಲಿಯ ಔಷಧಿ ಸೇರಿಸುವುದು ಇವು ಪುಸ್ತಕದಲ್ಲಿ ಇಲ್ಲದಿದ್ದರೆ ಬೇಡ ಎಂದು ಗಾಡಿ ಬಿಡುವಾಗಲೇ ಹೇಳಿ. ಬಿಲ್ ಬಂದ ಮೇಲೆ ಹೇಳಿ ಪ್ರಯೋಜನವಿಲ್ಲ.

ಪಕ್ಕದಲ್ಲಿ ನಿಂತಾಗ ನೋಡಬೇಕಾದದ್ದು

ಎಂಜಿನ್ ಬೆಚ್ಚಗಿರುವಾಗ ಇಳಿಸಿದರೆ ಹಳೆಯ ಆಯಿಲ್ ಪೂರ್ತಿ ಇಳಿಯುತ್ತದೆ. ಅವಸರ ಮಾಡಿಸಬೇಡಿ, ಕೊನೆಯ ಹನಿಗಳಿಗೂ ಸಮಯ ಕೊಡಿ. ಚೇಂಬರಿನ ಕೆಳಗೆ ಗಾರ್ಡ್ ಹಾಕಿಸಿದ್ದರೆ ಅದನ್ನು ಬಿಚ್ಚಿಸಿ. ಗಾರ್ಡಿನ ತೂತಿನಿಂದಲೇ ಇಳಿಸಿದರೆ ಆಯಿಲ್ ಅದರ ಮೇಲೆ ಚೆಲ್ಲಿ ವಾರಗಟ್ಟಲೆ ತೊಟ್ಟಿಕ್ಕುತ್ತದೆ, ನಿಜವಾದ ಸೋರಿಕೆ ಯಾವುದೆಂದು ಆಮೇಲೆ ಗೊತ್ತಾಗುವುದಿಲ್ಲ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಬೇಕು. ಬೋಲ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರ್ ಹಾಕುವವನು ಕೆಲಸ ಬಲ್ಲವನು. ಅಲ್ಯೂಮಿನಿಯಂ ಚೇಂಬರಿಗೆ ಉದ್ದ ಹಿಡಿಯ ಸ್ಪ್ಯಾನರಿನಿಂದ ಬಲ ಹಾಕಿದರೆ ಬೋಲ್ಟ್ ಕೂರುವ ತಿರುಪಿನ ಗೆರೆ ತಿಂದುಹೋಗುತ್ತದೆ, ಆಮೇಲೆ ಚೇಂಬರನ್ನೇ ಬದಲಿಸುವ ಖರ್ಚು. ಹೊಸ ಫಿಲ್ಟರಿನ ರಬ್ಬರಿಗೆ ಬೆರಳಲ್ಲಿ ಆಯಿಲ್ ಸವರಿ ಕೈಯಿಂದ ಬಿಗಿಯಬೇಕು.

ಹೊಸ ಆಯಿಲನ್ನು ಸ್ವಲ್ಪ ಕಡಿಮೆಯೇ ಹಾಕಿಸಿ, ಎರಡು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ಕಾದು, ಮಟ್ಟ ನೋಡಿ, ಬೇಕಾದಷ್ಟು ಸೇರಿಸಬೇಕು. ಮೇಲಿನ ಗೆರೆ ದಾಟಿದರೆ ತಿರುಗುವ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಯಾದ ಆಯಿಲ್ ಬೇರಿಂಗನ್ನು ಕಾಯುವುದಿಲ್ಲ. ಮೀಟರಿನಲ್ಲಿ ಸರ್ವೀಸ್ ನೆನಪಿಸುವ ಗುರುತನ್ನು ರೀಸೆಟ್ ಮಾಡಿಸುವುದನ್ನು ಮರೆಯಬೇಡಿ. ಡಿಪಿಎಫ್ ಇರುವ ಡೀಸೆಲ್‌ಗಳಲ್ಲಿ ಕೆಲವು ಆಯಿಲಿನ ಆಯುಸ್ಸನ್ನು ತಾವೇ ಲೆಕ್ಕ ಹಾಕುತ್ತವೆ, ಆ ಲೆಕ್ಕವನ್ನೂ ಸೊನ್ನೆಗೆ ತರಬೇಕು.

ಗ್ಯಾರೇಜಿನಲ್ಲಿ ನಾನು ಕೇಳುವ ಕೊನೆಯ ಪ್ರಶ್ನೆ, ಇಳಿಸಿದ ಆಯಿಲ್ ಎಲ್ಲಿಗೆ ಹೋಗುತ್ತದೆ ಎಂಬುದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನು ಡ್ರಮ್ಮಿನಲ್ಲಿ ಕೂಡಿಟ್ಟು, ಮತ್ತೆ ಶುದ್ಧ ಮಾಡುವ ಅನುಮತಿ ಇರುವವರಿಗೆ ಕೊಡಬೇಕು. ನಮ್ಮಲ್ಲಿ ಅದು ಬೇಲಿ ಕಂಬಕ್ಕೆ ಗೆದ್ದಲು ಹಿಡಿಯದಿರಲೆಂದು ಬಳಿಯಲು, ಮರ ಕೊಯ್ಯುವ ಮೆಷಿನ್ನಿನ ಚೈನಿಗೆ, ಸೆಂಟ್ರಿಂಗ್ ಶೀಟಿಗೆ ಹೋಗುತ್ತದೆ. ಸವೆದ ಲೋಹ, ಮಸಿ, ಉರಿದುಳಿದ ರಾಸಾಯನಿಕ ಎಲ್ಲ ಅದರಲ್ಲಿವೆ. ಕಂಬಕ್ಕೆ ಬಳಿದದ್ದು ಮಳೆಗೆ ತೊಳೆದು ತೋಡಿಗೆ, ತೋಡಿನಿಂದ ಹೊಳೆಗೆ, ಪೂರ್ವಕ್ಕೆ ಹರಿದರೆ ಕಾವೇರಿಗೆ, ಪಶ್ಚಿಮಕ್ಕೆ ಹರಿದರೆ ಬಾರಪೊಳೆಗೆ. ನಾವು ನೀರು ಹುಟ್ಟುವ ಜಾಗದಲ್ಲಿದ್ದೇವೆ. ಡ್ರಮ್ ಇಟ್ಟುಕೊಂಡು "ಇಂಥವರು ಬಂದು ತಗೊಂಡು ಹೋಗ್ತಾರೆ" ಎಂದು ಸ್ಪಷ್ಟವಾಗಿ ಹೇಳುವ ಗ್ಯಾರೇಜಿಗೆ ನೂರಿನ್ನೂರು ರೂಪಾಯಿ ಹೆಚ್ಚು ಕೊಡಲು ನಾನು ಸಿದ್ಧ. ಮನೆಯಲ್ಲೇ ಬದಲಿಸುವ ಆಸೆ ಇದ್ದವರು ಹಳೆಯದನ್ನು ಕ್ಯಾನಿಗೆ ತುಂಬಿ ಅಂಥ ಗ್ಯಾರೇಜಿಗೇ ತಲುಪಿಸಿ. ಕಾಫಿ ಒಣಗಿಸುವ ಕಣದಲ್ಲಿ ಮಾತ್ರ ಈ ಕೆಲಸ ಬೇಡ. ಸಿಮೆಂಟ್ ಆಯಿಲ್ ಹೀರಿದರೆ ವಾಸನೆ ಹೋಗುವುದಿಲ್ಲ, ಕಾಫಿ ಬೇಗ ವಾಸನೆ ಹಿಡಿಯುವ ವಸ್ತು.

ಆದರೆ ಆಯಿಲ್ ಮಟ್ಟ ನೋಡಲು ಕಣಕ್ಕಿಂತ ಒಳ್ಳೆಯ ಜಾಗ ಇಲ್ಲ. ಇಳಿಜಾರಿನಲ್ಲಿ ನಿಂತ ಗಾಡಿಯ ಗೇಜ್ ಕಡ್ಡಿ ಸುಳ್ಳು ಹೇಳುತ್ತದೆ, ಎಷ್ಟೋ ತೋಟದ ಮನೆಗಳಲ್ಲಿ ಸಮತಟ್ಟಾಗಿ ಇರುವುದು ಕಣ ಒಂದೇ. ಆಯಿಲ್ ಬದಲಿಸಿದ ರಾತ್ರಿ ಗಾಡಿಯನ್ನು ಅಲ್ಲಿ ನಿಲ್ಲಿಸಿ, ಎಂಜಿನ್ ಕೆಳಗೆ ದಪ್ಪ ರಟ್ಟು, ಅದರ ಮೇಲೆ ಹಳೆಯ ಪೇಪರ್ ಹಾಸಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಕಡ್ಡಿ ಎಳೆದು ಒರೆಸಿ, ಮತ್ತೆ ಹಾಕಿ ತೆಗೆದು, ಎರಡು ಗೆರೆಗಳ ನಡುವೆ ಇದೆಯಾ ನೋಡಿ. ಪೇಪರಿನ ಮೇಲೆ ಒಂದು ಹನಿ ಕಂಡರೂ ಅದರ ಫೋಟೊ ತೆಗೆದು ಆ ಮೆಕ್ಯಾನಿಕ್‌ಗೇ ಕಳುಹಿಸಿ, ಅವನು ಬಂದು ನೋಡುವ ತನಕ ಗಾಡಿ ಘಟ್ಟ ಇಳಿಯುವುದು ಬೇಡ.